ಕೂಟದ ಹೊತ್ತಿಗೆ ಪದ್ಯ ನೆನಪಿಗೆ ಬರಬೇಕಾದರೆ

ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ತಾಳಮದ್ದಳೆ ಕೂಟಗಳು ಶುರು: ವೇಷ, ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನ. ಇಪ್ಪತ್ತು ಪದ್ಯದ ಪಾತ್ರ ಸಿಕ್ಕಿದ ಹವ್ಯಾಸಿ ಅರ್ಥಧಾರಿಗೆ, ಅಂದರೆ ಹಾಡಿದ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವವನಿಗೆ, ಅದನ್ನು ಬಾಯಿಪಾಠ ಮಾಡಲು ಹದಿನೈದು ದಿನ ಧಾರಾಳ ಸಾಕು. ಹಾಡುವವರು ಭಾಗವತರೇ ಆದರೂ ಪದ್ಯ ಕಂಠಸ್ಥವಿಲ್ಲದವನ ಅರ್ಥ ಬೇಗ ದಾರಿ ತಪ್ಪುತ್ತದೆ.

ಹೆಚ್ಚಿನವರು ಪ್ರಸಂಗ ಪುಸ್ತಕ ತೆರೆದಿಟ್ಟುಕೊಂಡು ಹತ್ತು ಸಲ ಓದುತ್ತಾರೆ. ಹತ್ತನೇ ಸಲಕ್ಕೆ ಸಾಲು ಸಲೀಸಾಗಿ ಹರಿಯುತ್ತದೆ, ಬಾಯಿಪಾಠವಾಯಿತು ಅನ್ನಿಸುತ್ತದೆ. ಆಗಿರುವುದಿಲ್ಲ. ಕಣ್ಣೆದುರಿನ ಸಾಲನ್ನು ಗುರುತು ಹಿಡಿಯುವುದು ಬೇರೆ, ಪುಸ್ತಕವಿಲ್ಲದೆ ಒಳಗಿನಿಂದ ತೆಗೆಯುವುದು ಬೇರೆ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದಿದ್ದವರು. ಕೂಟ ಇರುವುದು ಐದು ನಿಮಿಷಕ್ಕಲ್ಲ.

ಮೊದಲು ಪದ್ಯದ ಅನ್ವಯ ಮಾಡಿ: ಯಾರು, ಯಾರಿಗೆ, ಏನು ಹೇಳುತ್ತಿದ್ದಾನೆ. ಅರ್ಥವಾಗದ ಒಂದೇ ಒಂದು ಶಬ್ದ ಉಳಿದರೂ ಮುಂದೆ ಎಡವುವುದು ಅಲ್ಲೇ. ಆಮೇಲೆ ಒಡೆಯಿರಿ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಸುಮಾರು ನಾಲ್ಕು ತುಣುಕು. ಭಾಮಿನಿ ಷಟ್ಪದಿಯಂತೂ ತಾನೇ ಒಡೆದುಕೊಂಡಿದೆ: 14, 14, 23 ಮಾತ್ರೆಯ ಮೂರು ಸಾಲು, ಮತ್ತೆ ಅದೇ ಲೆಕ್ಕದ ಮೂರು. ಅರ್ಧ ಪದ್ಯ ಓದಿ, ಪುಸ್ತಕ ಮುಚ್ಚಿ, ಗಟ್ಟಿಯಾಗಿ ಹೇಳಿ, ತೆರೆದು ತಾಳೆ ನೋಡಿ. ತಾಳೆ ನೋಡದೆ ಬಿಟ್ಟರೆ ತಪ್ಪು ಪಾಠವೇ ಗಟ್ಟಿಯಾಗುತ್ತದೆ, ಅದನ್ನು ಕೀಳುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ.

ದಿನಕ್ಕೆ ಮೂರೇ ಹೊಸ ಪದ್ಯ. ಏಳು ದಿನಕ್ಕೆ ಇಪ್ಪತ್ತೂ ಮುಗಿಯುತ್ತದೆ, ಉಳಿದ ಎಂಟು ದಿನ ತೆಗೆಯುವ ಅಭ್ಯಾಸಕ್ಕೆ. ಕಲಿತದ್ದನ್ನು ಅದೇ ರಾತ್ರಿ ಮಲಗುವ ಮುನ್ನ, ಮರುದಿನ, ಮೂರನೇ ದಿನ, ಏಳನೇ ದಿನ ನೋಡದೆ ಹೇಳಿ. ಮರೆವು ಮೊದಲ ಗಂಟೆಗಳಲ್ಲೇ ಹೆಚ್ಚು, ಆಮೇಲೆ ನಿಧಾನ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ. ಸ್ವಲ್ಪ ಮರೆತ ಮೇಲೆ ತಿಣುಕಿ ತೆಗೆದದ್ದೇ ಬಾಳುವುದು. ಆ ತಿಣುಕಾಟಕ್ಕೆ ಹೆದರಬೇಡಿ.

ನಿದ್ದೆ ಬಿಟ್ಟು ಓದುವುದು ನಷ್ಟದ ವ್ಯಾಪಾರ. ಹೊಸ ನೆನಪು ಮೊದಲು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ನೆಚ್ಚಿಕೊಂಡಿರುತ್ತದೆ. ಗಾಢ ನಿದ್ದೆಯಲ್ಲಿ ಅಲ್ಲಿಯ ನರಕೋಶಗಳು ಹಗಲಿನ ಚಟುವಟಿಕೆಯನ್ನು ಮತ್ತೆ ಆಡಿ ತೋರಿಸುತ್ತವೆ; ಹೀಗೆ ನೆನಪು ನಿಧಾನಕ್ಕೆ ಮಿದುಳಿನ ಹೊರಪದರದಲ್ಲಿ ನೆಲೆಯೂರುತ್ತದೆ.

ಎರಡನೇ ವಾರ ಪದ್ಯಗಳನ್ನು ಸಾಲಾಗಿ ಹೇಳುವುದನ್ನು ನಿಲ್ಲಿಸಿ. ಸಾಲಾಗಿ ಕಲಿತವನಿಗೆ ಒಂಬತ್ತನೆಯದು ಬರಬೇಕಾದರೆ ಎಂಟನೆಯದರ ಬಾಲ ಬೇಕು. ಭಾಗವತರು ಹೊತ್ತಾಯಿತೆಂದು ಎರಡು ಪದ್ಯ ಹಾರಿಸಿದರೆ ಕೈಕಾಲು ಬಿಡುತ್ತದೆ. ಚೀಟಿಯಲ್ಲಿ ಪದ್ಯದ ಮೊದಲ ಪದ ಮಾತ್ರ ಬರೆದು, ಕಲಸಿ, ಎತ್ತಿ ಹೇಳಿ. ಅದಕ್ಕಿಂತ ಒಳ್ಳೆಯದು, ಭಾಗವತರ ಎತ್ತುಗಡೆಯನ್ನು (ಪದ್ಯ ಶುರು ಮಾಡುವ ದನಿಯನ್ನು) ಮೊಬೈಲಿನಲ್ಲಿ ತುಂಬಿಕೊಂಡು ಅದು ಕೇಳಿದೊಡನೆ ಅರ್ಥ ಶುರು ಮಾಡುವುದು. ಕೂಟದ ದಿನ ಸಿಗುವ ಸುಳಿವು ಆ ದನಿಯೇ, ಪುಸ್ತಕದ ಅಕ್ಷರವಲ್ಲ. ನೀರಿನಡಿ ಕಲಿತ ಪದಗಳು ಮುಳುಗುಗಾರರಿಗೆ ದಡಕ್ಕಿಂತ ನೀರಿನಡಿಯಲ್ಲೇ ಹೆಚ್ಚು ನೆನಪಾದವೆಂದು ಗಾಡನ್ ಮತ್ತು ಬ್ಯಾಡ್ಲಿ 1975ರಲ್ಲಿ ಕಂಡುಕೊಂಡರು. ಹಾಗಾಗಿ ಒಂದೆರಡು ಸಲವಾದರೂ ಮದ್ದಳೆಯ ಪಕ್ಕ ಕೂತು ಅಭ್ಯಾಸ ಮಾಡಿ.

ಒಂದೇ ತಾಳ, ಒಂದೇ ಬಗೆಯ ಆರಂಭವಿರುವ ಎರಡು ಪದ್ಯಗಳನ್ನು ಒಂದೇ ದಿನ ಕಲಿಯಬೇಡಿ. ಒಂದು ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ.

ಯಕ್ಷಗಾನದ ಆಟಕ್ಕೆ ವೇಷ ಕಟ್ಟಿ ಕುಣಿಯುವವರಿಗೆ ಹೆಜ್ಜೆಯ ದಾರಿಯೇ ಬೇರೆ. 1953ರ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗ ಕಳೆದುಕೊಂಡ ಹೆನ್ರಿ ಮೊಲೈಸನ್‌ಗೆ ಹಿಂದಿನ ದಿನದ ಅಭ್ಯಾಸವೇ ನೆನಪಿರುತ್ತಿರಲಿಲ್ಲ, ಆದರೂ ಕನ್ನಡಿ ನೋಡಿಕೊಂಡು ಗೆರೆ ಎಳೆಯುವ ಕೈಚಳಕ ದಿನದಿನಕ್ಕೆ ಸುಧಾರಿಸಿತು. ಹೆಜ್ಜೆ ಆ ಜಾತಿಯದು. ಬರೆದುಕೊಂಡರೆ ಬರುವುದಿಲ್ಲ, ಕಾಲಲ್ಲೇ ಕಲಿಯಬೇಕು.

ಕೂತಾಗ ತಲೆ ಖಾಲಿಯಾದರೆ? ಗಾಬರಿಯಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನು ನೆನಪನ್ನು ಅಳಿಸುವುದಿಲ್ಲ, ತೆಗೆಯಲು ಅಡ್ಡಿ ಮಾಡುತ್ತದೆ ಅಷ್ಟೇ. ತಪ್ಪಿದ ಶಬ್ದವನ್ನು ಹುಡುಕಬೇಡಿ. ಎದುರು ಪಾತ್ರದ ಕೊನೆಯ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳಿ, ಅನ್ವಯದಿಂದ ಹಿಡಿದುಕೊಳ್ಳಿ.