ಮೂರು ಡೆಸ್ಕ್‌ಟಾಪ್‌ಗಳಿಗೆ ಒಂದೇ ಮೆನು

ಬದಿಯಡ್ಕದ ಸಮೀಪದ ಒಂದು ಕನ್ನಡ ಮಾಧ್ಯಮ ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿನ ಹೊಸ ಯಂತ್ರಗಳಲ್ಲಿ ಉಬುಂಟುವಿನ ಗ್ನೋಮ್, ಮೆಮೊರಿ ಕಡಿಮೆಯಿರುವ ಹಳೆಯವುಗಳಲ್ಲಿ ಎಕ್ಸ್‌ಎಫ್‌ಸಿಇ, ದಾನಿಗಳು ಕೊಟ್ಟವುಗಳಲ್ಲಿ ಡೆಬಿಯನ್ ಮೇಲೆ ಎಲ್‌ಎಕ್ಸ್‌ಕ್ಯೂಟಿ ಇದೆ. ಉಬುಂಟು, ಡೆಬಿಯನ್ ಎರಡೂ ಲಿನಕ್ಸ್ ವ್ಯವಸ್ಥೆಗಳು. ಗ್ನೋಮ್ ಮೊದಲಾದ ಮೂರು ಡೆಸ್ಕ್‌ಟಾಪ್‌ಗಳು, ಅಂದರೆ ಪರದೆಯ ಮೇಲೆ ಮೆನು, ಕಿಟಕಿಗಳನ್ನು ತೋರಿಸುವ ತಂತ್ರಾಂಶಗಳು. ವಾರಕ್ಕೊಮ್ಮೆ ಬರುವ ಐದನೆಯ ತರಗತಿಯ ಮಗು ಯಾವ ಯಂತ್ರದ ಮುಂದೆ ಕುಳಿತರೂ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ತಂತ್ರಾಂಶ ಒಂದೇ ಜಾಗದಲ್ಲಿ, ಕನ್ನಡ ಹೆಸರಿನಲ್ಲಿ ಸಿಗಬೇಕು ಎಂಬುದು ನನ್ನ ಹಟ.

ಮೆನು ತಿದ್ದುವ ಉಪಕರಣಗಳು ಇದಕ್ಕೆ ಒದಗುವುದಿಲ್ಲ. ಅವು ಬದಲಾವಣೆಗಳನ್ನು ಆಯಾ ಬಳಕೆದಾರರ ಹೋಮ್ ಕೋಶದಲ್ಲಿ (ಸ್ವಂತ ಫೋಲ್ಡರ್‌ನಲ್ಲಿ) ಬರೆದಿಡುವುದರಿಂದ ಇನ್ನೊಬ್ಬರು ಲಾಗಿನ್ ಆದಾಗ ಹಳೆಯ ಮೆನುವೇ ಎದುರಾಗುತ್ತದೆ. ನೆಚ್ಚಿಕೊಳ್ಳಬೇಕಾದದ್ದು ಎಲ್ಲ ಡೆಸ್ಕ್‌ಟಾಪ್‌ಗಳೂ ಓದುವ ಡಾಟ್ ಡೆಸ್ಕ್‌ಟಾಪ್ ಕಡತಗಳನ್ನು, ಅಂದರೆ ತಂತ್ರಾಂಶದ ಹೆಸರು, ವರ್ಗ, ತೆರೆಯುವ ಆದೇಶ ಇವನ್ನು ಹೇಳುವ ಪುಟ್ಟ ಪಠ್ಯ ಕಡತಗಳನ್ನು. 2000ದಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಆರಂಭಿಸಿದ ಫ್ರೀಡೆಸ್ಕ್‌ಟಾಪ್ ಯೋಜನೆಯು ಇವುಗಳ ಸ್ವರೂಪವನ್ನು ಗೊತ್ತುಪಡಿಸಿದೆ. ಡೆಬಿಯನ್ ಮಾತ್ರ ಬಹುಕಾಲ ತನ್ನದೇ ಮೆನು ವ್ಯವಸ್ಥೆಯನ್ನೂ ಜೊತೆಗಿಟ್ಟುಕೊಂಡಿತ್ತು. ಡೆಸ್ಕ್‌ಟಾಪ್ ಕಡತವಿರುವ ಪ್ಯಾಕೇಜಿನಲ್ಲಿ (ತಂತ್ರಾಂಶವನ್ನು ಸ್ಥಾಪಿಸಲು ಕಟ್ಟಿಕೊಡುವ ಕಂತೆಯಲ್ಲಿ) ಹಳೆಯ ಮೆನು ಕಡತ ಇರಕೂಡದೆಂದು ಅದರ ತಾಂತ್ರಿಕ ಸಮಿತಿ 2015ರಲ್ಲಿ ತೀರ್ಮಾನಿಸಿದ್ದು ನನ್ನ ದೃಷ್ಟಿಯಲ್ಲಿ ಬಹಳ ಒಳ್ಳೆಯ ಕೆಲಸ.

ಪ್ಯಾಕೇಜುಗಳು ತಮ್ಮ ಕಡತಗಳನ್ನು ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ ಕೋಶದಲ್ಲಿ ಇಡುತ್ತವೆ. ಅಲ್ಲಿ ತಿದ್ದಿದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ಅಳಿಸಿಬಿಡುತ್ತದೆ. ಆದರೆ ಡೆಸ್ಕ್‌ಟಾಪ್‌ಗಳು ಈ ಕಡತಗಳನ್ನು ಹುಡುಕುವ ಕ್ರಮದಲ್ಲಿ ಯುಎಸ್‌ಆರ್/ಲೋಕಲ್/ಶೇರ್ ಅದಕ್ಕಿಂತ ಮೊದಲು ಬರುವುದರಿಂದ, ಅದರೊಳಗಿನ ಅಪ್ಲಿಕೇಶನ್ಸ್ ಕೋಶದಲ್ಲಿ ಅದೇ ಹೆಸರಿನ ಕಡತವನ್ನಿಟ್ಟರೆ ಮೂರೂ ಡೆಸ್ಕ್‌ಟಾಪ್‌ಗಳು ನಮ್ಮದನ್ನೇ ಓದುತ್ತವೆ. ನಾನು ಮೂಲ ಕಡತವನ್ನು ಅಲ್ಲಿಗೆ ನಕಲು ಮಾಡಿ, ಎರಡೇ ಕಡೆ ಕೈಯಾಡಿಸುತ್ತೇನೆ. ನೇಮ್ ಪದದ ಮುಂದೆ ಚೌಕ ಆವರಣದಲ್ಲಿ ಕನ್ನಡದ ಭಾಷಾ ಸಂಕೇತವಾದ ಕೆಎನ್ ಸೇರಿಸಿದ ಸಾಲಿನಲ್ಲಿ ಕನ್ನಡ ಹೆಸರನ್ನು ಬರೆಯುತ್ತೇನೆ. ಕೆಟಗರೀಸ್ ಸಾಲಿನಲ್ಲಿ ಒಂದೇ ಮುಖ್ಯ ವರ್ಗವನ್ನು ಉಳಿಸುತ್ತೇನೆ. ಎಜುಕೇಶನ್, ಗೇಮ್ ಎರಡೂ ಇದ್ದರೆ ತಂತ್ರಾಂಶ ಎರಡು ಕಡೆ ಕಾಣಿಸಬಹುದು, ಸಣ್ಣ ಮಕ್ಕಳು ಅವು ಬೇರೆ ಬೇರೆಯೆಂದೇ ತಿಳಿಯುತ್ತಾರೆ. ವರ್ಗದ ಹೆಸರನ್ನು ಕನ್ನಡಕ್ಕೆ ತಿರುಗಿಸಕೂಡದು, ಏಕೆಂದರೆ ಅದು ಓದುಗರಿಗಲ್ಲ, ಯಂತ್ರಕ್ಕೆ. ಬಳಿಕ ಡೆಸ್ಕ್‌ಟಾಪ್ ಫೈಲ್ ವ್ಯಾಲಿಡೇಟ್ ಆದೇಶದಿಂದ ತಪ್ಪುಗಳನ್ನು ನೋಡಿಕೊಂಡು, ಅದೇ ಕೋಶವನ್ನು ಎಲ್ಲ ಯಂತ್ರಗಳಿಗೂ ಕಳುಹಿಸುತ್ತೇನೆ.

ಗ್ನೋಮ್ ವರ್ಗವಾರು ಮೆನುವನ್ನು ತೋರಿಸುವುದಿಲ್ಲ. ಅಲ್ಲಿ ಆ್ಯಪ್ ಫೋಲ್ಡರ್‌ಗಳ ಸೆಟ್ಟಿಂಗ್‌ನಲ್ಲಿ ಎಜುಕೇಶನ್ ಎಂಬ ವರ್ಗವನ್ನು ನಮೂದಿಸಿದರೆ, ನಾವು ತಿದ್ದಿದ ಕೆಟಗರೀಸ್ ಸಾಲನ್ನೇ ನೋಡಿಕೊಂಡು ಫೋಲ್ಡರ್ ತುಂಬಿಕೊಳ್ಳುತ್ತದೆ.

ಈ ವಿಧಾನದಲ್ಲಿ ಒಂದು ಎಚ್ಚರಿಕೆ ಬೇಕು. ನಾವು ಮಾಡಿಟ್ಟ ನಕಲು ಮೂಲ ಕಡತವನ್ನು ಪೂರ್ತಿಯಾಗಿ ಮರೆಮಾಡುವುದರಿಂದ, ಹೊಸ ಆವೃತ್ತಿಯಲ್ಲಿ ತಂತ್ರಾಂಶವನ್ನು ತೆರೆಯುವ ಎಕ್ಸೆಕ್ ಸಾಲಿನ ಆದೇಶ ಬದಲಾದರೆ ಐಕಾನ್ ಕಾಣಿಸುತ್ತದೆ, ತಂತ್ರಾಂಶ ತೆರೆಯುವುದಿಲ್ಲ. ಆದ್ದರಿಂದ ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಎರಡೂ ಕಡತಗಳನ್ನು ಹೋಲಿಸಿ ನೋಡುತ್ತೇನೆ. ಕನ್ನಡ ಹೆಸರುಗಳನ್ನು ಮೂಲ ಯೋಜನೆಗಳಿಗೂ ಕಳುಹಿಸುತ್ತೇನೆ. ಅಲ್ಲಿ ಸೇರಿ ಪ್ಯಾಕೇಜಿನೊಳಗೇ ಬಂದಾಗ, ವರ್ಗವೂ ಸರಿಯಿದ್ದರೆ, ನಮ್ಮ ಪ್ರತಿಯನ್ನು ಅಳಿಸಿಬಿಡುತ್ತೇನೆ.