ರೇಖಿ ಸೆಷನ್‌ನಲ್ಲಿ ರೂನ್: ಕೆತ್ತಿದ್ದು, ಕೆರೆದದ್ದು

ಕೈ ಇಟ್ಟು ಮಾಡುವ ಜಪಾನಿನ ರೇಖಿ ಹೀಲಿಂಗ್ ಜೊತೆ, ಉತ್ತರ ಯೂರೋಪಿನ ಹಳೇ ಲಿಪಿಯ ಅಕ್ಷರಗಳಾದ ರೂನ್ ಬೆರೆಸಬೇಡ ಅಂದವರೇ ಜಾಸ್ತಿ. ಬೆಂಗಳೂರಿನಲ್ಲಿ ನನಗೆ ರೇಖಿಯ ಸೆಕೆಂಡ್ ಡಿಗ್ರಿ (ಎರಡನೇ ಹಂತದ ದೀಕ್ಷೆ) ಕೊಟ್ಟ ಮೇಡಂ, "ಎರಡು ದೋಣಿ ಮೇಲೆ ಕಾಲಿಡಬೇಡಮ್ಮ" ಅಂದಿದ್ದರು. ಇಲ್ಲಿ ಉಪ್ಸಾಲಾದಲ್ಲಿ ಸ್ವೀಡಿಷ್ ಹೀಲರ್‌ಗಳು ಬೇರೆ ಕಾರಣಕ್ಕೆ ಮುಖ ಸಿಂಡರಿಸಿದರು. ಅದನ್ನು ಆಮೇಲೆ ಹೇಳುತ್ತೇನೆ. ಈಗ ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನ ರೂನ್ ಸೆಷನ್ನೇ ಕೇಳುತ್ತಾರೆ, ಎರಡು ಮೂರು ವಾರ ಕಾಯುವುದಕ್ಕೂ ಒಪ್ಪುತ್ತಾರೆ. ಮುಖ ಸಿಂಡರಿಸಿದವರಲ್ಲೇ ಇಬ್ಬರು ದುಡ್ಡು ಕೊಟ್ಟು ಬಂದು, ಟೇಬಲ್ ಮೇಲೇ ನಿದ್ದೆ ಹೋದರು. ಬರೆಯಲು ಧೈರ್ಯ ಬಂದದ್ದು ಹಾಗೆ.

ಚೋ ಕು ರೇ, ಸೇ ಹೇ ಕಿ ಅನ್ನುವ ರೇಖಿ ಚಿಹ್ನೆಗಳನ್ನು ಗಾಳಿಯಲ್ಲಿ ಬಿಡಿಸುವುದು ರೇಖಿ ಮಾಡುವ ನಿಮಗೆ ಗೊತ್ತು. ರೂನ್ ವರ್ಣಮಾಲೆಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ಹಳೇ ಫುಥಾರ್ಕ್‌ನ 24 ರೂನ್‌ಗಳೂ ಗೊತ್ತಿರುತ್ತವೆ ಅಂದುಕೊಳ್ಳುತ್ತೇನೆ. ಅಂಗಡಿ ಸೆಟ್‌ಗಳಲ್ಲಿ 25ನೆಯದಾಗಿ ಒಂದು ಖಾಲಿ ಕಲ್ಲು ಬರುತ್ತದಲ್ಲ, ಅದು 1980ರ ದಶಕದಲ್ಲಿ ಸೇರಿಕೊಂಡದ್ದು. ಅದನ್ನು ಪಕ್ಕಕ್ಕಿಡಿ.

ಮೊದಲ ಒಂದೆರಡು ವರ್ಷ ಎಲ್ಲರ ಹಾಗೆ ನಾನೂ ಚಾರ್ಟ್ ಹಿಡಿದುಕೊಂಡು ಕೂತೆ. ಏಳು ಚಕ್ರಕ್ಕೆ ಇಂತಿಂಥ ರೂನ್ ಅಂತ ಪಟ್ಟಿ. ಒಂದು ಚಾರ್ಟ್‌ನಲ್ಲಿ ಎದೆಯ ಅನಾಹತ ಚಕ್ರಕ್ಕೆ ಗೆಬೊ ಅನ್ನುವ ರೂನ್, ಇನ್ನೊಂದರಲ್ಲಿ ವುಂಜೊ. ಯಾರು ಹಂಚಿದರೋ! ಚಕ್ರದ ಲೆಕ್ಕ ನಮ್ಮದು, ರೂನ್ ಇಲ್ಲಿನವರದು, ಎರಡನ್ನೂ ಕೂಡಿಸಿದ್ದು ಇತ್ತೀಚಿನ ಜನ. ಸೇ ಹೇ ಕಿ ಬಿಡಿಸಿದ ಹಾಗೇ ಗಾಳಿಯಲ್ಲಿ ರೂನ್ ಬಿಡಿಸಿ ನೋಡಿದೆ. ಕ್ಲೈಂಟ್‌ಗಳಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ಅಮೆಥಿಸ್ಟ್ ಕಲ್ಲಿನ ಸೆಟ್ ತರಿಸಿದೆ, ಸುಮಾರು 500 ಕ್ರೋನಾ. ಆಗಿನ ಲೆಕ್ಕಕ್ಕೆ ನಾಲ್ಕು ಸಾವಿರ ರೂಪಾಯಿ ಹತ್ತಿರ. ಜನವರಿಯಲ್ಲಿ ಆ ತಣ್ಣನೆ ಕಲ್ಲನ್ನು ಹೊಟ್ಟೆ ಮೇಲೆ ಇಟ್ಟರೆ ಯಾರು ತಾನೇ ರಿಲ್ಯಾಕ್ಸ್ ಆಗುತ್ತಾರೆ? ಉಸಿರು ಎಳೆದಾಗೆಲ್ಲ ಜಾರಿ ಬೀಳುತ್ತಿತ್ತು. ಆ ಸೆಟ್ ಈಗ ಕಿಟಕಿಯಲ್ಲಿ ಕೂತಿದೆ. ಚೆನ್ನಾಗಿ ಕಾಣುತ್ತೆ, ಅಷ್ಟೇ.

ಹಳೇ ಕಾಲದವರು ರೂನ್ ಕೆತ್ತಿ ನಿಲ್ಲಿಸಿದ ದೊಡ್ಡ ಕಲ್ಲುಗಳಿಂದ ಕೈಗೆ ಶಕ್ತಿ "ಚಾರ್ಜ್" ಮಾಡಿಕೊಳ್ಳುವ ಪ್ರಯೋಗವೂ ಆಯಿತು. ಉಪ್ಸಾಲಾ ಇರುವ ಉಪ್ಲಂಡ್ ಪ್ರಾಂತ್ಯದಲ್ಲೇ ಸಾವಿರಕ್ಕೂ ಹೆಚ್ಚು ರೂನ್ ಕಲ್ಲುಗಳಿವೆ. ಭಾನುವಾರ ಸೈಕಲ್ ಹಾಕಿಕೊಂಡು ಹೋಗಿ ಕೈ ಇಟ್ಟು ನಿಂತೆ. ಕೈ ಮರಗಟ್ಟಿತು. ಇವು ಹೆಚ್ಚಿನವು 11ನೇ ಶತಮಾನದವು, ಸತ್ತವರ ನೆನಪಿಗೆ ಮನೆಯವರು ನಿಲ್ಲಿಸಿದ್ದು. ಎಷ್ಟೋ ಕಲ್ಲಿನ ಮೇಲೆ ಶಿಲುಬೆ ಇದೆ. ಬರೆದದ್ದು ನಾವು ಬಳಸುವ 24ರಲ್ಲೂ ಅಲ್ಲ, ಆಮೇಲೆ ಬಂದ 16 ರೂನ್‌ಗಳ ಸಾಲಿನಲ್ಲಿ. ಅಲ್ಲಿ ಹೀಲಿಂಗ್ ಹುಡುಕಿದ್ದು ದಂಡ. ತಿರುಗಾಟ ಮಾತ್ರ ಸೊಗಸಾಗಿತ್ತು.

ದಾರಿ ಸಿಕ್ಕಿದ್ದು ಹಳೇ ಕಥೆಗಳಲ್ಲಿ. ಐಸ್‌ಲ್ಯಾಂಡಿನ ಎಗಿಲ್ ಸಾಗಾದಲ್ಲಿ ಒಂದು ಪ್ರಸಂಗ ಇದೆ. ಕಥಾನಾಯಕ ಎಗಿಲ್ ಸ್ವೀಡನ್ನಿನ ವರ್ಮ್‌ಲಂಡ್ ಕಡೆ ಹೋಗುವಾಗ ಒಂದು ಮನೆಯಲ್ಲಿ ಹುಡುಗಿ ಕಾಯಿಲೆ ಬಿದ್ದಿರುತ್ತಾಳೆ. ಅವಳ ಹಾಸಿಗೆಯಲ್ಲಿ ರೂನ್ ಕೆತ್ತಿದ ತಿಮಿಂಗಿಲದ ಮೂಳೆ ಸಿಗುತ್ತದೆ. ಪಕ್ಕದ ಹುಡುಗ ಯಾರೋ ತಪ್ಪು ತಪ್ಪಾಗಿ ಕೆತ್ತಿಟ್ಟದ್ದು. ಎಗಿಲ್ ಅದನ್ನು ಕೆರೆದು ಹಾಕುತ್ತಾನೆ, ಬೆಂಕಿಗೆ ಕೊಡುತ್ತಾನೆ, ಹಾಸಿಗೆ ಗಾಳಿಗೆ ಹಾಕಿಸುತ್ತಾನೆ. ಆಮೇಲೆ ಸರಿಯಾದ ರೂನ್ ಕೆತ್ತಿ ದಿಂಬಿನ ಕೆಳಗೆ ಇಡುತ್ತಾನೆ. ಓದಲು ಬಾರದವನು ರೂನ್ ಕೆತ್ತಬಾರದು ಅಂತ ಬೈಯುತ್ತಾನೆ ಕೂಡ. ಡೆನ್ಮಾರ್ಕಿನ ರಿಬೆಯಲ್ಲಿ ಸಿಕ್ಕ, ಸುಮಾರು 1300ರ ಮರದ ಕಡ್ಡಿಯಲ್ಲೂ ನಡುಕದ ಜ್ವರ ಓಡಿಸುವ ಮಂತ್ರವನ್ನು ರೂನ್‌ನಲ್ಲೇ ಕೆತ್ತಿದ್ದಾರೆ. ಯಾರೂ ಗಾಳಿಯಲ್ಲಿ ಬಿಡಿಸಲಿಲ್ಲ. ಕೆತ್ತಿದರು, ಕೆರೆದರು. ನಾನೂ ಹಾಗೇ ಮಾಡೋಣ ಅಂದುಕೊಂಡೆ.

ಮರ ಅಂದರೆ ಬರ್ಚ್. ಇಲ್ಲಿ ಬದುಕಿರುವ ಮರದ ಕೊಂಬೆ ಮುರಿಯುವಂತಿಲ್ಲ, ತೊಗಟೆ ಕೂಡ ಸುಲಿಯುವಂತಿಲ್ಲ. ಗಾಳಿಗೆ ಬಿದ್ದದ್ದನ್ನು ಆರಿಸಬೇಕು. ಮೊದಲ ಕಂತನ್ನು ಬೇಗ ಒಣಗಲಿ ಅಂತ ಹೀಟರ್ ಮೇಲೆ ಇಟ್ಟೆ, ಅಷ್ಟೂ ಸೀಳಿಹೋಯಿತು. ಈಗ ಅಟ್ಟದಲ್ಲಿ ನಾಲ್ಕೈದು ತಿಂಗಳು ಸುಮ್ನೆ ಬಿಡುತ್ತೇನೆ. ಕೆಂಪು ಹಿಡಿಯ ಮೋರಾ ಚಾಕು ಒಂದಿದ್ದರೆ ಸಾಕು, ನೂರು ಚಿಲ್ಲರೆ ಕ್ರೋನಾಗೆ ಬರುತ್ತೆ. ದುಬಾರಿ ಕೆತ್ತನೆ ಸೆಟ್ ಬೇಡ. ರೂನ್‌ಗಳಲ್ಲಿ ಅಡ್ಡಗೆರೆ ಯಾಕಿಲ್ಲ ಅಂತ ಚಾಕು ಹಿಡಿದ ಮೇಲೇ ಗೊತ್ತಾಗುವುದು. ನಾರಿನ ಜೊತೆ ಎಳೆದರೆ ಗೆರೆಯೇ ಕಾಣಿಸಲ್ಲ, ಮರವೂ ಸೀಳುತ್ತದೆ.

ಗೀರಿಗೆ ಕೆಂಪು ತುಂಬುವ ಪದ್ಧತಿ ಇದೆಯಲ್ಲ, ಅದಕ್ಕೆ ಕುಂಕುಮವನ್ನು ಎಳ್ಳೆಣ್ಣೆಯಲ್ಲಿ ಕಲಸಿ ಹಚ್ಚಿದೆ. ನನಗೆ ಬಹಳ ಇಷ್ಟವಾಗಿತ್ತು. ಬಾಡಿಗೆ ಕೋಣೆಯ ಬಿಳಿ ಬೆಡ್‌ಶೀಟ್‌ಗೆ ಇಷ್ಟವಾಗಲಿಲ್ಲ. ಮೂರೋ ನಾಲ್ಕೋ ಶೀಟ್‌ಗೆ ದಂಡ ಕಟ್ಟಿದ್ದೇನೆ, ಒಂದೊಂದಕ್ಕೂ 200ರ ಹತ್ತಿರ. ಈಗ ಕೆಂಪು ಮಣ್ಣಿನ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ಒಣಗಲು ಬಿಟ್ಟು ಬಳಸುತ್ತೇನೆ. ಮೈಗೆ ಹತ್ತುವುದಿಲ್ಲ.

ಸೆಷನ್ ಹೀಗೆ ನಡೆಯುತ್ತೆ. ಬಂದವರ ಮುಂದೆಯೇ ಬೆರಳುದ್ದದ ಮರದ ತುಂಡಿಗೆ ರೂನ್ ಕೆತ್ತುತ್ತೇನೆ. ಐದು ನಿಮಿಷದ ಕೆಲಸ. ಅವರು ನೋಡುತ್ತಾ ಕೂತಿರುತ್ತಾರೆ, ಅಷ್ಟರಲ್ಲೇ ಅರ್ಧ ತಣ್ಣಗಾಗಿರುತ್ತಾರೆ. ಮಲಗಿದ ಮೇಲೆ ತುಂಡನ್ನು ದಿಂಬಿನ ಕೆಳಗೆ ಇಟ್ಟು, ಮಾಮೂಲಿ ರೇಖಿ ಶುರು. ಜೊತೆಗೆ ಆ ರೂನ್‌ನ ಶಬ್ದವನ್ನು ಉದ್ದಕ್ಕೆ ಎಳೆದು ಹೇಳುತ್ತೇನೆ, ಅವರು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ. ಮೊದಮೊದಲು ಗಟ್ಟಿಯಾಗಿ ಹೇಳಿ ಪಕ್ಕದ ಮಸಾಜ್ ಕೋಣೆಯವರಿಂದ ದೂರು ಬಂತು. ಈಗ ಗಂಟಲೊಳಗೇ. ಓಂಕಾರ ಅಭ್ಯಾಸ ಇರುವವರಿಗೆ ಇದು ಸಲೀಸು. ಕೊನೆಗೆ ಮೇಲಿನ ರೂನ್ ಕೆರೆದು, ಹೊಟ್ಟನ್ನು ಅವರ ಕೈಗೇ ಕೊಡುತ್ತೇನೆ. ಮನೆಗೆ ಹೋಗಿ ಮೇಣದಬತ್ತಿಯಲ್ಲಿ ಸುಡುತ್ತಾರೆ. ಎಷ್ಟು ದೊಡ್ಡವರಾದರೂ ಇದನ್ನು ಮಾತ್ರ ಮಕ್ಕಳಂತೆ ಇಷ್ಟಪಟ್ಟು ಮಾಡುತ್ತಾರೆ.

24ರಲ್ಲಿ ನಾನು ಬಳಸುವುದು ಮೂರೇ. ನಿದ್ದೆಗೆ ಲಗುಜ್. ಸೊಂಟ ನೋವು, ಸುಸ್ತು ಅಂತ ಬರುವ ಹೆಂಗಸರಿಗೆ ಬೆರ್ಕನಾ. ಮೂರನೆಯದನ್ನೂ, ಮೂರನ್ನೂ ಕೂಡಿಸಿ ಒಂದೇ ಕಡ್ಡಿಯಲ್ಲಿ ಕೆತ್ತುವ ಕ್ರಮವನ್ನೂ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬಹಳ ಮರ ಹಾಳು ಮಾಡಿದ್ದೇನೆ. ಬಿಟ್ಟದ್ದು ಯಾವುದು ಅಂತ ಹೇಳಬಲ್ಲೆ. ಬೆಚ್ಚಗಾಗಲಿ ಅಂತ ಎಷ್ಟೋ ಜನ ಕೆನಾಜ್ ರೂನ್ ಹಾಕುತ್ತಾರೆ. ಒಂದೊಂದು ರೂನ್ ಏನು ಅಂತ ಹೇಳುವ ಹಳೇ ಪದ್ಯಗಳಿವೆ; ಇಂಗ್ಲೆಂಡಿನ ಪದ್ಯದಲ್ಲಿ ಅದು ಪಂಜು, ಸರಿ. ನಾರ್ವೆ, ಐಸ್‌ಲ್ಯಾಂಡಿನ ಪದ್ಯಗಳಲ್ಲಿ ಅದೇ ರೂನ್ ಹುಣ್ಣು. ರಕ್ಷಣೆಗೆ ಅಂತ ಹಾಕುವ ತುರಿಸಾಜ್ ನಾರ್ವೆಯ ಪದ್ಯದಲ್ಲಿ ಹೆಂಗಸರಿಗೆ ಕಾಯಿಲೆ ತರುತ್ತದೆ. ಎರಡನ್ನೂ ನನ್ನ ಕೋಣೆಗೆ ಸೇರಿಸಲ್ಲ.

ಸ್ವೀಡಿಷ್ ಹೀಲರ್‌ಗಳ ಸಿಡುಕಿಗೆ ಬರೋಣ. ಓಡಲ್, ಟೀವಾಜ್ ಅನ್ನುವ ಎರಡು ರೂನ್ ಅನ್ನೂ ನವನಾಜಿಗಳು ತಮ್ಮ ಗುರುತಾಗಿ ಹಾಕಿಕೊಳ್ಳುತ್ತಾರೆ. ಜರ್ಮನಿಯ ನಾಜಿಗಳು ಇವನ್ನೂ ಆಲ್ಗಿಜ್ ಅನ್ನುವ ಇನ್ನೊಂದು ರೂನ್ ಅನ್ನೂ ಬಿಟ್ಟಿರಲಿಲ್ಲ. 2019ರಲ್ಲಿ ರೂನ್‌ಗಳ ಬಳಕೆಗೇ ಮಿತಿ ಹಾಕುವ ಮಾತು ಸ್ವೀಡನ್ನಿನಲ್ಲಿ ಎದ್ದು ದೊಡ್ಡ ಗಲಾಟೆಯಾಯಿತು. ಕಂದು ಮೈಬಣ್ಣದ ಹೆಂಗಸು, ಹಣೆಗೆ ಬೊಟ್ಟಿಟ್ಟುಕೊಂಡು ರೂನ್ ಕೆತ್ತುತ್ತಾಳೆ ಅಂದರೆ ನಾಜಿ ಅನ್ನುವ ಅನುಮಾನ ಅಷ್ಟಾಗಿ ಬರಲ್ಲ ಬಿಡಿ! ಆದರೂ ಆ ಮೂರನ್ನು ಬೋರ್ಡ್ ಮೇಲೆ, ಕಾರ್ಡ್ ಮೇಲೆ ಹಾಕಬೇಡಿ.

ದುಡ್ಡಿನ ವಿಷಯ. ಸೆಷನ್‌ಗೆ 700 ಕ್ರೋನಾ ತೆಗೆದುಕೊಳ್ಳುತ್ತೇನೆ. ವರಮಾನ ಮಿತಿ ದಾಟಿದ ಮೇಲೆ ಅದರಲ್ಲಿ ಐದನೇ ಒಂದು ಭಾಗ ತೆರಿಗೆಗೇ ಹೋಗುತ್ತೆ. ಕೋಣೆಗೆ ಗಂಟೆಗೆ 150ರ ಆಸುಪಾಸು. ಮರ ಪುಕ್ಕಟೆ. ಫಲಿತಾಂಶ? ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿ ಡೈರಿಯಲ್ಲಿ ಬರೆದಿಡುತ್ತೇನೆ. ಏಳು ಅಂದು ಬಂದವರು ನಾಲ್ಕು ಅಂದು ಹೋಗುವುದು ಮಾಮೂಲು. ನಿದ್ದೆಗೆ ಬಂದವರಲ್ಲಿ ಹತ್ತಕ್ಕೆ ಆರೇಳು ಜನ ಆ ರಾತ್ರಿ ಚೆನ್ನಾಗಿ ಮಲಗಿದೆ ಅನ್ನುತ್ತಾರೆ. ನನ್ನ ಯಜಮಾನರು ಎಂಜಿನಿಯರ್, "ಅದು ಉಸಿರಾಟದ ಕೆಲಸ ಕಣೇ, ರೂನ್‌ದಲ್ಲ" ಅಂತಾರೆ. ಇರಬಹುದು. ಬರೀ ಉಸಿರಾಟಕ್ಕೆ 700 ಕೊಟ್ಟು ಯಾರೂ ಬರುತ್ತಿರಲಿಲ್ಲ.

ಕಾಯಿಲೆ ವಾಸಿ ಮಾಡುತ್ತೇನೆ ಅಂತ ಮಾತ್ರ ಎಲ್ಲೂ ಹೇಳುವುದಿಲ್ಲ. ಇಲ್ಲಿನ ಕಾನೂನಿನಲ್ಲಿ ನಮ್ಮಂಥವರು ಕ್ಯಾನ್ಸರ್, ಡಯಾಬಿಟಿಸ್, ಮೂರ್ಛೆರೋಗಕ್ಕೆ ಚಿಕಿತ್ಸೆ ಕೊಡುವಂತಿಲ್ಲ, ಎಂಟು ವರ್ಷದೊಳಗಿನ ಮಕ್ಕಳನ್ನೂ ತೆಗೆದುಕೊಳ್ಳುವಂತಿಲ್ಲ. ಕಾನೂನು ಇಲ್ಲದಿದ್ದರೂ ನಾನು ಅವರನ್ನು ಡಾಕ್ಟರ ಹತ್ತಿರವೇ ಕಳಿಸುತ್ತಿದ್ದೆ.

ಬೆಂಗಳೂರಿನವರಿಗೆ ಡಿಸ್ಟೆನ್ಸ್ ಸೆಷನ್ ಕೊಡಲೂ ನೋಡಿದೆ. ಕೆತ್ತಿದ ಕಡ್ಡಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರೆ, ದೇವರ ಮನೆಯಲ್ಲಿ ಇಡಬಹುದಾ ಅಂತ ಕೇಳಿದರು. ನಿದ್ದೆ ಯಾರಿಗೂ ಬಂದಂತಿಲ್ಲ, ದುಡ್ಡೂ ಸರಿಯಾಗಿ ಬರಲಿಲ್ಲ. ದೂರದವರಿಗೆ ಈಗಲೂ ರೇಖಿಯ ಹಳೇ ದೂರದ ಚಿಹ್ನೆ ಹೋನ್ ಶಾ ಝೆ ಶೋ ನೆನ್ ಅಷ್ಟೇ.