ಜರ್ಮನ್ ಕಲಿಯುತ್ತಿರುವ ಕನ್ನಡಿಗರಿಗೊಂದು ಉಪಾಯ

ಜರ್ಮನಿಯಲ್ಲಿದ್ದು ಅಲ್ಲಿನ ಭಾಷೆ ಕಲಿಯುತ್ತಿರುವವರು ‘ದಸ್’ (ಎಂದು), ‘ವೈಲ್’ (ಏಕೆಂದರೆ) ಮುಂತಾದ ಪದಗಳಿಂದ ಆರಂಭವಾಗುವ ಉಪವಾಕ್ಯಗಳನ್ನು ಇಂಗ್ಲಿಷಿನಲ್ಲಿ ಯೋಚಿಸದೆ, ನೇರವಾಗಿ ಕನ್ನಡದ ಪದಕ್ರಮದಲ್ಲೇ ಕಟ್ಟಿ ನೋಡಿ. ಇಂತಹ ಉಪವಾಕ್ಯಗಳಲ್ಲಿ ಜರ್ಮನ್ ಕ್ರಿಯಾಪದವೂ ನಮ್ಮದರಂತೆ ಕೊನೆಗೇ ಬರುವುದರಿಂದ, ‘ಅವನು ನಾಳೆ ಬರ್ಲಿನ್‌ಗೆ ಹೋಗುತ್ತಾನೆ ಎಂದು’ ಎನ್ನುವುದು ‘ದಸ್ ಎರ್ ಮೋರ್ಗನ್ ನಾಖ್ ಬರ್ಲೀನ್ ಫೇರ್ಟ್’ ಆಗುತ್ತದೆ. ‘ಎಂದು’ ವಾಕ್ಯದ ಮೊದಲಿಗೂ ‘ಗೆ’ ಊರಿನ ಹೆಸರಿಗಿಂತ ಮುಂಚೆಗೂ ಸರಿಯುತ್ತವೆ, ಉಳಿದ ಪದಗಳು ಕುಳಿತಲ್ಲಿಂದ ಅಲುಗುವುದಿಲ್ಲ. ‘ಹೋಗಿದ್ದಾನೆ’ ಎಂಬುದನ್ನು ‘ಹೋಗಿ, ಇದ್ದಾನೆ’ ಎಂದು ಬಿಡಿಸಿದರೆ ‘ಗೆಫಾರನ್ ಇಸ್ಟ್’ ಕೂಡ ಅದೇ ಜೋಡಣೆಯಲ್ಲಿ ಸಿಗುತ್ತದೆ, ಮತ್ತು ಆ ಕ್ಷಣದ ಖುಷಿಯೇ ಬೇರೆ. ಆದರೆ ಪ್ರಧಾನ ವಾಕ್ಯದಲ್ಲಿ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಕ್ರಿಯಾಪದಕ್ಕೆ ಎರಡನೆಯ ಸ್ಥಾನವೇ ಬೇಕು: ‘ಎರ್ ಫೇರ್ಟ್ ಮೋರ್ಗನ್ ನಾಖ್ ಬರ್ಲೀನ್’. ‘ಏಕೆಂದರೆ’ ಎಂಬುದೇ ಅರ್ಥವಿರುವ ‘ಡೆನ್’ ಬಂದಾಗಲೂ ಇದೇ ನಿಯಮ. ಆಡುಮಾತಿನಲ್ಲಿ ಜರ್ಮನ್ನರೇ ‘ವೈಲ್’ ನಂತರ ಕ್ರಿಯಾಪದವನ್ನು ಎರಡನೆಯ ಸ್ಥಾನಕ್ಕೆ ತರುವುದುಂಟಾದರೂ, ಪರೀಕ್ಷೆಯ ಬರವಣಿಗೆಯಲ್ಲಿ ಅದನ್ನು ತಪ್ಪೆಂದೇ ಎಣಿಸುತ್ತಾರೆ.